ಆಗದವರ ಸಾಕ್ಷಿ

ಮೊನ್ನೆ ಭಾನುವಾರ ಮೇಡಂ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಹದಿನಾಲ್ಕು ಜನ ಮಾತಾಡಿದರು. ಹದಿನಾಲ್ಕು ಜನವೂ ಹೊಗಳಿದರು. ಒಬ್ಬರು ಮಹಾತಾಯಿ ಎಂದರು. ಒಬ್ಬರು ಪತ್ರಿಕಾ ಸ್ವಾತಂತ್ರ್ಯದ ನಂದಾದೀಪ ಎಂದರು. ಮಂಡ್ಯದಿಂದ ಬಂದಿದ್ದ ಹಿರಿಯರೊಬ್ಬರು ಮತ್ತೆ ಹುಟ್ಟಿ ಬಾ ತಾಯಿ ಎನ್ನುತ್ತ ಮೈಕ್ ಹಿಡಿದೇ ಅತ್ತುಬಿಟ್ಟರು. ನಾನು ಪಕ್ಕದಲ್ಲಿ ಕೂತಿದ್ದ ಪುಟ್ಟಸ್ವಾಮಿಯ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರ ತಲೆಯಲ್ಲೂ ಓಡುತ್ತಿದ್ದದ್ದು ಒಂದೇ ವಿಷಯ. ಮೇಡಂ ಇದ್ದಿದ್ದರೆ ಈ ಹದಿನಾಲ್ಕು ಭಾಷಣಗಳಲ್ಲಿ ಒಂದಕ್ಷರವನ್ನೂ ಬರೆದುಕೊಳ್ಳುತ್ತಿರಲಿಲ್ಲ.

"ಆಗದೋರು ಒಬ್ರೂ ಮಾತಾಡಿಲ್ವಲ್ಲೋ," ಎಂದು ಪುಟ್ಟಸ್ವಾಮಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಮೇಡಂ ಒಂದು ಕಾಲಕ್ಕೆ ಮೈಸೂರಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದವರು. ನಿವೃತ್ತಿಯಾದ ಮೇಲೆ ಲಕ್ಷ್ಮೀಪುರಂನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಈ ಐದು ಜಿಲ್ಲೆಗಳ ವರದಿಗಾರರಿಗೆ ಆಗುವ ತೊಂದರೆಗಳನ್ನು ಬರೆದಿಡತೊಡಗಿದರು. ಯಾರಿಗೆ ಹೊಡೆದರು, ಯಾರ ಕ್ಯಾಮೆರಾ ಒಡೆದರು, ಯಾರ ಮೇಲೆ ಸುಳ್ಳು ಕೇಸು ಹಾಕಿದರು, ಎಲ್ಲವೂ ಉದ್ದನೆಯ ರಟ್ಟಿನ ನೋಟ್‌ಬುಕ್ಕುಗಳಲ್ಲಿ ಇರುತ್ತಿತ್ತು. ಬರೆದು ಸುಮ್ಮನಾಗುವವರಲ್ಲ. ವಕೀಲರನ್ನು ಹುಡುಕುವುದು, ಮನೆಯವರಿಗೆ ಧೈರ್ಯ ಹೇಳುವುದು, "ಈತ ನಮ್ಮ ವರದಿಗಾರನೇ ಅಲ್ಲ" ಎಂದು ಕೈತೊಳೆದುಕೊಳ್ಳುವ ಸಂಪಾದಕರ ಬೆನ್ನು ಬಿದ್ದು "ನಮ್ಮವನೇ" ಎಂದು ಕಾಗದ ಬರೆಸುವುದು, ಇದೆಲ್ಲ ಅವರ ದಿನನಿತ್ಯದ ಕೆಲಸ. ಆ ಮನೆಗೆ ಯಾವ ಸಂಸ್ಥೆಯ ಬೋರ್ಡೂ ಇರಲಿಲ್ಲ. ಗೇಟಿನ ಮೇಲೆ "ನಾಯಿ ಇದೆ" ಎಂಬ ಬೋರ್ಡು ಮಾತ್ರ ಇತ್ತು. ನಾಯಿ ಸತ್ತು ಎಷ್ಟೋ ವರ್ಷವಾಗಿತ್ತು. "ಈ ಮನೇಲಿರೋ ಒಂದೇ ಒಂದು ಸುಳ್ಳು ಸುದ್ದಿ ಅದು, ಇರ್ಲಿ ಬುಡು," ಎಂದು ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು.

ಇನ್ನು ಅವರ ನಿಯಮ. ಯಾವ ಘಟನೆಯಾದರೂ ಮೂರು ಬಾಯಿಂದ ಬರಬೇಕು. ಮೊದಲನೆಯದು ಪೆಟ್ಟು ತಿಂದವನದು. ಎರಡನೆಯದು ಅಲ್ಲೇ ಸುತ್ತಮುತ್ತ ಇದ್ದವರದು. ಮೂರನೆಯದು ಪೆಟ್ಟು ತಿಂದವನನ್ನು ಕಂಡರೆ ಆಗದವನದು. ಮೊದಲೆರಡನ್ನು ಪೆನ್ಸಿಲ್‌ನಲ್ಲಿ ಗೀಚಿಟ್ಟುಕೊಳ್ಳುವರು. ಮೂರನೆಯದು ಸಿಕ್ಕ ಮೇಲೆಯೇ ಶಾಯಿ.

"ಬೇಕಾದೋರು ಏನ್ ಬೇಕಾದ್ರೂ ಹೇಳ್ತಾರೆ ಕಣಪ್ಪ," ಎನ್ನುತ್ತಿದ್ದರು. "ಆಗದೋನು ಹೂಂ ಅಂದ್ರೆ ನಾಳೆ ಕೋರ್ಟಲ್ಲಿ ಅದನ್ನ ಯಾರೂ ಅಲ್ಲಾಡ್ಸಕ್ಕಾಗಲ್ಲ."

ಹೀಗಾಗಿ ಐದು ಜಿಲ್ಲೆಗಳ ಪತ್ರಕರ್ತರಲ್ಲಿ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ, ಯಾವ ಕಾರಣಕ್ಕೆ, ಎಷ್ಟು ವರ್ಷದಿಂದ ಎಂಬುದು ಮೇಡಂಗೆ ತಿಳಿದಷ್ಟು ಕರಾರುವಾಕ್ಕಾಗಿ ಇನ್ನಾರಿಗೂ ತಿಳಿದಿರಲಿಲ್ಲ. ಹಾಸನದಲ್ಲಿ ಇಂಥ ಇಬ್ಬರು ರಾಜಿಯಾದರಂತೆ ಎಂದರೆ ಅವರ ಮುಖ ಸಣ್ಣಗಾಗುತ್ತಿತ್ತು.

ಒಮ್ಮೆ ಮಂಡ್ಯ ಕಡೆಯ ವರದಿಗಾರನೊಬ್ಬ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದು, ಮರಳು ದಂಧೆಯವರು ಹೊಡೆದರು ಎಂದು ಕಣ್ಣೀರಿಟ್ಟ. ಜೊತೆಗೆ ಬಂದ ಸ್ನೇಹಿತ ಹೌದು ಹೌದು ಎಂದ. ಮೇಡಂ ಪೆನ್ಸಿಲ್‌ನಲ್ಲಿ ಬರೆದುಕೊಂಡರು, ಇಬ್ಬರಿಗೂ ಉಪ್ಪಿಟ್ಟು ಕೊಟ್ಟರು, ಒಳಕೋಣೆಗೆ ಹೋಗಿ ಅವನಿಗೆ ಆಗದವನೊಬ್ಬನಿಗೆ ಫೋನ್ ಹಚ್ಚಿದರು. ಮೇಡಂಗೆ ಎಡಕಿವಿ ಮಂದ, ಬಲಕಿವಿಯೂ ಅಷ್ಟಕ್ಕಷ್ಟೇ. ಯಾವಾಗಲೂ ಸ್ಪೀಕರ್ ಹಾಕಿಯೇ ಮಾತು. ಹಾಗಾಗಿ ಉತ್ತರ ನಮಗೆಲ್ಲ ಕೇಳಿಸಿತು.

"ಮರಳೂ ಇಲ್ಲ ಮಣ್ಣೂ ಇಲ್ಲ ಮೇಡಂ. ಬದು ಒತ್ತುವರಿ ವಿಚಾರಕ್ಕೆ ಅವ್ನ ಭಾಮೈದನೇ ದೊಣ್ಣೆ ತಗಂಡಿದ್ದು. ದೊಣ್ಣೆ ಫೋಟೋ ಕಳಿಸ್ಲಾ?"

ಬ್ಯಾಂಡೇಜಿನವನು ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತ ಕೂತ. ಮೇಡಂ ಹೊರಗೆ ಬಂದು ರಬ್ಬರ್ ಹುಡುಕಿ, ಪೆನ್ಸಿಲ್ ಗೆರೆಗಳನ್ನು ಪೂರ್ತಿ ಅಳಿಸಿ, ಪುಟದ ಮೇಲಿನ ಪುಡಿಯನ್ನು ಊದಿದರು. ಆಮೇಲೆ ತಮಗೆ ಪರಿಚಯವಿದ್ದ ಮೂಳೆ ಡಾಕ್ಟರಿಗೆ ಒಂದು ಚೀಟಿ ಬರೆದು ಅವನ ಕೈಗಿಟ್ಟರು. "ಬುಕ್ಕಿಗೆ ಏರ್ಸಲ್ಲ. ಆದ್ರೂ ಮೂಳೆ ಕೂಡ್ಬೇಕಲ್ಲಪ್ಪ, ಹೋಗಿ ತೋರ್ಸು."

ಈಗ ನನ್ನ ಕಥೆಗೆ ಬರುತ್ತೇನೆ. ನಾನು ಮೇಡಂ ಮನೆಯ ಮೆಟ್ಟಿಲು ಹತ್ತಿದ್ದು ದೊಡ್ಡ ಧ್ಯೇಯ ಇಟ್ಟುಕೊಂಡೇನಲ್ಲ. ಆಗದವನಾಗಿ ಹತ್ತಿದೆ.

ಪುಟ್ಟಸ್ವಾಮಿಗೂ ನನಗೂ ಆಗುತ್ತಿರಲಿಲ್ಲ. ತಪ್ಪು ನನ್ನದೇ, ಅದಕ್ಕೇ ಸಿಟ್ಟು ಅಷ್ಟು ಬಾಳಿಕೆ ಬಂತು. ನಾನು ಒಂದು ಸಂಜೆ ಪತ್ರಿಕೆಯ ವರದಿಗಾರ. ದಿನಕ್ಕೆ ಆರು ಕಾರ್ಯಕ್ರಮ, ಕಾಲು ಎರಡೇ. ಒಮ್ಮೆ ಒಂದು ಉದ್ಘಾಟನೆಗೆ ಹೋಗದೆ, ಆಹ್ವಾನ ಪತ್ರಿಕೆ ಎದುರಿಗಿಟ್ಟುಕೊಂಡೇ ವರದಿ ಬರೆದುಬಿಟ್ಟೆ. ನಮ್ಮ ಕಸುಬಿನಲ್ಲಿ ಇದನ್ನು ಮಾಡದವರು ಕಡಿಮೆ. ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದರು, ಎಲ್ಲ ಕಾರ್ಡಿನಲ್ಲೇ ಇರುತ್ತದೆ. ಮಂತ್ರಿಗಳ ಬಾಯಿಗೆ ಎರಡು ಒಳ್ಳೆಯ ಮಾತನ್ನೂ ಹಾಕಿದೆ. ನನ್ನ ಗ್ರಹಚಾರಕ್ಕೆ ಅವತ್ತು ಬೆಳಿಗ್ಗೆ ಗಾಳಿಗೆ ಶಾಮಿಯಾನ ಬಿದ್ದು ಸಮಾರಂಭವೇ ನಡೆದಿರಲಿಲ್ಲ. ಕೆಸರೆಯಿಂದ ಒಂದು ವಾರಪತ್ರಿಕೆ ತರುತ್ತಿದ್ದ ಪುಟ್ಟಸ್ವಾಮಿ ಬಿದ್ದ ಶಾಮಿಯಾನದ ಫೋಟೋದ ಪಕ್ಕ ನನ್ನ ವರದಿಯನ್ನು ಹಾಗೇ ಅಚ್ಚುಹಾಕಿ, "ನಡೆಯದ ಸಭೆಯಲ್ಲಿ ಮಂತ್ರಿಗಳ ಅದ್ಭುತ ಭಾಷಣ" ಎಂದು ತಲೆಬರಹ ಕೊಟ್ಟ. ಊರೆಲ್ಲ ನಕ್ಕಿತು. ನನ್ನ ಹೆಂಡತಿ ಕೂಡ ನಕ್ಕಳು. ಅಂದಿನಿಂದ ಒಂಬತ್ತು ವರ್ಷ ನಾನು ಅವನ ಜೊತೆ ಮಾತಾಡಲಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಅವನು ಮುಂದೆ ಕೂತರೆ ನಾನು ಹಿಂದೆ, ಅವನು ಹಿಂದೆ ಕೂತರೆ ನಾನು ಮುಂದೆ.

ಹೀಗಿರುವಾಗ ಕೆಸರೆ ಆಚೆಯ ಹೊಸ ಬಡಾವಣೆಯಲ್ಲಿ ಒಂದು ಚರಂಡಿ ಕಟ್ಟಿದರು. ಪುಟ್ಟಸ್ವಾಮಿ ಹೋಗಿ ಅದರ ಗೋಡೆಗೆ ತನ್ನ ಬಾಲ್‌ಪೆನ್ನು ಚುಚ್ಚಿದ. ಪೆನ್ನು ಸಲೀಸಾಗಿ ಒಳಗೆ ಹೋಯಿತು. ಅದರ ವಿಡಿಯೋ ತೆಗೆದು ಮೊಬೈಲಿನಲ್ಲಿ ಹರಿಬಿಟ್ಟ, ಸಾವಿರಾರು ಜನ ನೋಡಿದರು. ಎರಡು ದಿನ ಬಿಟ್ಟು, ಒಂದು ಮಂಗಳವಾರ, ಅವನು ಇನ್ನೊಂದು ವಿಡಿಯೋ ತೆಗೆಯಲು ಅದೇ ಜಾಗಕ್ಕೆ ಹೋದಾಗ ಗುತ್ತಿಗೆದಾರನ ನಾಲ್ಕು ಜನ ಜೀಪಿನಿಂದ ಇಳಿದು ಹೊಡೆದರು. ಮೊಬೈಲನ್ನು ಕಲ್ಲಿಗೆ ಅಪ್ಪಳಿಸಿದರು. ಅವತ್ತೇ ಸಂಜೆ ಪೊಲೀಸರು ಬಂಧಿಸಿದ್ದು ಪುಟ್ಟಸ್ವಾಮಿಯನ್ನು. ವಿಡಿಯೋ ತೆಗೆದುಹಾಕಲು ದುಡ್ಡು ಕೇಳಿದ ಎಂದು ಗುತ್ತಿಗೆದಾರ ದೂರು ಕೊಟ್ಟಿದ್ದ. ಪತ್ರಕರ್ತ ಎನಿಸಿಕೊಂಡವನಿಗೆ ಅದಕ್ಕಿಂತ ಕೆಟ್ಟ ಹೆಸರಿಲ್ಲ. ಒಮ್ಮೆ ಅಂಟಿದರೆ ಆಮೇಲೆ ಅವನು ಬರೆದದ್ದನ್ನು ಯಾರೂ ನಂಬುವುದಿಲ್ಲ.

ಅವನು ದುಡ್ಡು ಕೇಳಿರಲಿಲ್ಲ. ಅದು ನನಗೆ ಗೊತ್ತಿತ್ತು, ಏಕೆಂದರೆ ನಾನು ಅಲ್ಲೇ ಇದ್ದೆ. ಬೇರೆ ಕೆಲಸಕ್ಕೆ ಆ ಕಡೆ ಹೋದವನು ರಸ್ತೆಯ ಈಚೆ ಟೀ ಅಂಗಡಿಯ ಮುಂದೆ ನಿಂತಿದ್ದೆ. ಜೀಪು ಬಂದದ್ದು, ಒಂದೂ ಮಾತಿಲ್ಲದೆ ಹೊಡೆಯಲು ಶುರುಮಾಡಿದ್ದು, ಎಲ್ಲ ಕಂಡೆ. ಕಂಡು ಸ್ಕೂಟರ್ ಹತ್ತಿ ಹೊರಟುಬಿಟ್ಟೆ. ಆ ಗುತ್ತಿಗೆದಾರ ಹಬ್ಬಹಬ್ಬಕ್ಕೂ ನಮ್ಮ ಪತ್ರಿಕೆಗೆ ಪುಟ ತುಂಬಾ ಜಾಹೀರಾತು ಕೊಡುವವನು. ಅದೂ ಅಲ್ಲದೆ, ಹೇಳಲು ನಾಚಿಕೆಯಾಗುತ್ತದೆ, ಮನಸ್ಸಿನ ಒಂದು ಮೂಲೆಯಲ್ಲಿ ಬೀಳಲಿ ಬಿಡು ಎನ್ನಿಸಿತ್ತು. ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಫೋನ್ ಬಂತು. ಅಲ್ಲಿಯವರೆಗೆ ಮೇಡಂ ಹೆಸರು ಕೇಳಿದ್ದೆ, ಮಾತಾಡಿರಲಿಲ್ಲ.

"ತಿಂಡಿ ಆಯ್ತೇನಪ್ಪಾ?" ಅವರ ಮೊದಲ ಪ್ರಶ್ನೆ ಯಾವಾಗಲೂ ಇದೇ. ನಾನು ಆಯಿತು ಎಂದೆ.

"ನಿಂಗೂ ಪುಟ್ಟಸ್ವಾಮಿಗೂ ಆಗಲ್ವಂತೆ, ನಿಜನಾ?"

"ಯಾರು ಹೇಳಿದ್ರು ಮೇಡಂ?"

"ಮೈಸೂರ್ಗೆ ಮೈಸೂರೇ ಹೇಳ್ತದೆ. ನಿಜನೋ ಅಲ್ವೋ?"

"ನಿಜ."

"ಒಳ್ಳೇದಾಯ್ತು. ಮನೇಗ್ ಬಾ. ದೋಸೆ ಹುಯ್ತಾ ಇದೀನಿ."

ಹೋಗಬಾರದು ಎಂದುಕೊಂಡೇ ಹೋದೆ. ಕುಳ್ಳಗಿನ ಹೆಂಗಸು, ಅಂಚಿಲ್ಲದ ನೂಲಿನ ಸೀರೆ, ದಾರ ಕಟ್ಟಿದ ದಪ್ಪ ಕನ್ನಡಕ. ದೋಸೆ ಇಟ್ಟು ಎದುರಿಗೆ ಕೂತರು. ಪುಟ್ಟಸ್ವಾಮಿ ಎಂಥವನು ಎಂದು ಕೇಳಿದರು. ಒಂಬತ್ತು ವರ್ಷದ ಕೋಪವನ್ನೆಲ್ಲ ಹೊರಹಾಕಲು ಇಷ್ಟು ಒಳ್ಳೆಯ ಅವಕಾಶ ಮತ್ತೆ ಸಿಗುತ್ತದೆಯೇ? ಅಹಂಕಾರಿ ಎಂದೆ. ಊರಿಗೆಲ್ಲ ತಾನೊಬ್ಬನೇ ಹರಿಶ್ಚಂದ್ರ ಎಂಬ ಹಾಗೆ ಆಡುತ್ತಾನೆ ಎಂದೆ. ಯಾರ ಮರ್ಯಾದೆಯನ್ನೂ ಉಳಿಸುವುದಿಲ್ಲ ಎಂದೆ. ಮೇಡಂ ಖುಷಿಯಿಂದ ಕೇಳುತ್ತ ಇನ್ನೊಂದು ದೋಸೆ ಹಾಕಿದರು.

"ಸರಿ. ಈಗ ಹೇಳು. ದುಡ್ಡು ಕೇಳೋನಾ?"

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಹೂಂ ಅಂದರೆ ಮುಗಿಯಿತು, ಪುಟ್ಟಸ್ವಾಮಿ ಮತ್ತೆ ಏಳುವುದಿಲ್ಲ. ಗೊತ್ತಿಲ್ಲ ಅಂದರೂ ಅಷ್ಟೇ.

"ಇಲ್ಲ ಮೇಡಂ," ಎಂದೆ. "ಕಾಸು ಮುಟ್ಟಲ್ಲ ಅವ್ನು. ಅದೇ ಅವ್ನ ಕೊಬ್ಬು."

ಮೇಡಂ ಹೂಂ ಎಂದರು, ಅಷ್ಟೇ. ಇನ್ನೇನನ್ನೂ ಕೇಳಲಿಲ್ಲ. ಒಳಗೆ ಹೋಗಿ ಟೀ ತಂದಿಟ್ಟು, ಮತ್ತೆ ಎದುರಿಗೆ ಕೂತರು. ನಾನು ಎದ್ದು ಹೋಗಬಹುದಿತ್ತು. ಎರಡು ಗುಟುಕು ಕುಡಿದು ಏಳಲೂ ಹೊರಟೆ.

"ಟೀ ಪೂರ್ತಿ ಕುಡ್ಕೊಂಡು ಹೋಗು ಕಣಪ್ಪ. ಅರ್ಧಕ್ಕೆ ಬುಟ್ಟು ಹೋಗ್ಬಾರ್ದು," ಎಂದರು.

ಮತ್ತೆ ಕೂತೆ. ಆ ಟೀ ಮುಗಿಯುವುದರೊಳಗೆ ನಾನೇ ಬಾಯಿಬಿಟ್ಟೆ. ನಾನು ಅಲ್ಲಿದ್ದೆ ಎಂದೆ. ಕಂಡೆ ಎಂದೆ. ಕಂಡು ಓಡಿಬಂದೆ ಎಂದೆ. ಬಯ್ಯುತ್ತಾರೆ ಎಂದುಕೊಂಡರೆ ಮೇಡಂ ಕನ್ನಡಕ ಏರಿಸಿಕೊಂಡು ನೋಟ್‌ಬುಕ್ ಎಳೆದುಕೊಂಡರು. ಎಷ್ಟು ಜನ? ಎಣಿಸಿದೆಯೋ, ಅಂದಾಜೋ? ಜೀಪು ಯಾವ ಬಣ್ಣ? ಅವರು ಮಾತಾಡಿದ್ದು ಕೇಳಿಸಿತೋ, ಕೇಳಿಸಿತು ಎಂದು ಈಗ ಅನ್ನಿಸುತ್ತಿದೆಯೋ? ನಾನು ನೋಡದ ಒಂದೇ ಒಂದು ಸಂಗತಿಯನ್ನೂ ನನ್ನ ಬಾಯಿಂದ ಹೇಳಿಸಲಿಲ್ಲ. ಆಹ್ವಾನ ಪತ್ರಿಕೆ ನೋಡಿ ಭಾಷಣ ಬರೆದ ನನಗೆ ವರದಿಗಾರಿಕೆಯ ಮೊದಲ ಪಾಠ ನಲವತ್ತಮೂರನೆಯ ವಯಸ್ಸಿನಲ್ಲಿ, ದೋಸೆ ತಟ್ಟೆಯ ಮುಂದೆ ಆಯಿತು. ಬರೆದು ಮುಗಿಸಿದ ಮೇಲೆ ಕೇಳಿದರು. "ಇದನ್ನ ಜಡ್ಜ್ ಮುಂದೆ ಹೇಳ್ತೀಯಾ? ಹೇಳ್ದೆ ಇದ್ರೂ ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಕೆಲ್ಸದ ವಿಚಾರ, ಯೋಚ್ನೆ ಮಾಡು."

ಯೋಚನೆ ಮಾಡಿದ್ದರೆ ಹೇಳುತ್ತಿರಲಿಲ್ಲ. ಅದಕ್ಕೇ ಯೋಚಿಸದೆ ಹೂಂ ಎಂದೆ.

ನನ್ನ ಅಫಿಡವಿಟ್ ಸೇರಿಸಿ ಅರ್ಜಿ ಹಾಕಿದ ಮೇಲೆ ಪುಟ್ಟಸ್ವಾಮಿಗೆ ಜಾಮೀನು ಸಿಕ್ಕಿತು. ಕೆಲವು ತಿಂಗಳ ಮೇಲೆ ದೂರಿನಲ್ಲಿ ಹುರುಳಿಲ್ಲ ಎಂದು ಪೊಲೀಸರೇ ವರದಿ ಹಾಕಿದರು. ಜಾಮೀನಿನ ದಿನ ಕೋರ್ಟಿನ ಮೆಟ್ಟಿಲ ಬಳಿ ಅವನು, ತುಟಿಗೆ ಹೊಲಿಗೆ ಹಾಕಿದ್ದವನು, ನೇರ ನನ್ನ ಹತ್ತಿರ ಬಂದ. ತಬ್ಬಿಕೊಳ್ಳುತ್ತಾನೇನೋ ಎಂದು ನಾನು ಕೈ ಕೂಡ ಸಡಿಲ ಬಿಟ್ಟಿದ್ದೆ.

"ಇದನ್ನಾದ್ರೂ ನೋಡಿ ಹೇಳ್ದಲ್ಲ," ಎಂದು ಹೊರಟುಹೋದ.

ಮೇಡಂ ಕೋರ್ಟ್ ಆವರಣದಲ್ಲೇ ನಕ್ಕ ನಗುವಿಗೆ ಮರದ ಕೆಳಗಿದ್ದ ಟೈಪಿಸ್ಟುಗಳೆಲ್ಲ ಕೆಲಸ ನಿಲ್ಲಿಸಿ ನೋಡಿದರು. ನಮ್ಮ ಪತ್ರಿಕೆಗೆ ಆ ಗುತ್ತಿಗೆದಾರನ ಜಾಹೀರಾತು ನಿಂತುಹೋಯಿತು. ನನ್ನನ್ನು ವರದಿಯಿಂದ ತೆಗೆದು "ಇಂದಿನ ಕಾರ್ಯಕ್ರಮಗಳು" ಬರೆಯಲು ಕೂರಿಸಿದರು. ಎರಡು ವರ್ಷ ದಿನಾ ಬೆಳಗಾದರೆ ಆಹ್ವಾನ ಪತ್ರಿಕೆಗಳ ರಾಶಿಯೇ ನನ್ನ ಮುಂದೆ. ಮೇಡಂ ಮಾತ್ರ, "ನಿಂಗೆ ಅನುಭವ ಇರೋ ಕೆಲ್ಸಾನೇ ಕೊಟ್ಟವ್ರೆ ಕಣಪ್ಪ," ಎಂದರು.

ಹಾಗೆ ಬಿಡುವು ಸಿಕ್ಕಿದ್ದರಿಂದ ವಾರಕ್ಕೆರಡು ಸಲ ಅವರ ಮನೆಗೆ ಹೋಗತೊಡಗಿದೆ. ಸೋಮವಾರ ಬೆಳಿಗ್ಗೆ ಐದು ಜಿಲ್ಲೆಗಳಿಗೂ ಫೋನ್. ಊಟ, ತಿಂಡಿ, ಮಗಳ ಪರೀಕ್ಷೆ, ಹಸು ಕರು ಹಾಕಿತೋ ಇಲ್ಲವೋ, ಎಲ್ಲ ವಿಚಾರಿಸಿ ಕೊನೆಗೆ, "ಯಾರಾದ್ರೂ ಏನಾದ್ರೂ ಅಂದ್ರಾ?" ಸ್ಪೀಕರಿನ ದೆಸೆಯಿಂದ ಲಕ್ಷ್ಮೀಪುರಂನ ಆ ಬೀದಿಗೆಲ್ಲ ಯಾವ ತಾಲೂಕಿನಲ್ಲಿ ಯಾವ ವರದಿಗಾರನಿಗೆ ಯಾರು ಬೆದರಿಕೆ ಹಾಕಿದರು ಎಂಬುದು ಬಾಯಿಪಾಠ. ಹೂವಿನವಳು ಗೇಟಿನ ಬಳಿ ನಿಂತು, "ಆ ಕೊಳ್ಳೇಗಾಲದ ಹುಡ್ಗ ಮನೆಗ್ ಬಂದ್ನಾ ಅಮ್ಮಾ?" ಎಂದು ಕೇಳುತ್ತಿದ್ದಳು.

ದಿಲ್ಲಿಯ ಸಂಸ್ಥೆಯೊಂದು ಇಂಥ ಮಾಹಿತಿಗೆ ಒಂದು ನಮೂನೆ ಕಳಿಸುತ್ತಿತ್ತು. ಹಲ್ಲೆ, ಬೆದರಿಕೆ, ಮೊಕದ್ದಮೆ ಎಂದು ಅದರಲ್ಲಿ ಖಾನೆಗಳು. ಮೇಡಂ ಪ್ರತಿ ಸಲವೂ ಕೈಯಲ್ಲಿ ಗೆರೆ ಎಳೆದು ಇನ್ನೊಂದು ಖಾನೆ ಸೇರಿಸುತ್ತಿದ್ದರು. ಅದರ ಹೆಸರು ಬೆಂಚು. ಏನೂ ಬಯ್ಯದೆ, ಏನೂ ಬರೆಯದೆ, ಸ್ಟೇಷನ್ನಿಗೆ ಕರೆಸಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ ಕಳಿಸುವುದು. "ನಮ್ ಕಡೆ ಜಾಸ್ತಿ ಆಗೋದೇ ಇದು. ದಿಲ್ಲಿಯೋರಿಗೆ ಬೆಂಚು ಅರ್ಥ ಆಗಲ್ಲ," ಎನ್ನುತ್ತಿದ್ದರು. ಮೂರನೆಯ ವರ್ಷ ದಿಲ್ಲಿಯವರ ನಮೂನೆಯಲ್ಲೇ ಆ ಖಾನೆ ಅಚ್ಚಾಗಿ ಬಂತು. ಅವತ್ತು ಬಂದವರಿಗೆಲ್ಲ ಕೇಸರಿಬಾತು.

ಅವರ ಇನ್ನೊಂದು ಉಪಾಯ ಊಟದ ಕ್ಯಾರಿಯರ್. ಯಾರನ್ನಾದರೂ ಹಿಡಿದರೆ ಸ್ಟೇಷನ್ನಿನಲ್ಲಿ ಇಲ್ಲವೇ ಇಲ್ಲ ಎಂದುಬಿಡುತ್ತಾರಲ್ಲ, ಅದಕ್ಕೆ ಮದ್ದು. ಉದಯಗಿರಿಯ ಆಟೋ ಚಾಲಕ ಅನ್ವರ್ ಭಾಯಿ ಕೈಯಲ್ಲಿ ಮೂರು ಅಂತಸ್ತಿನ ಕ್ಯಾರಿಯರ್ ಕೊಟ್ಟು ಕಳಿಸುವರು. ಅನ್ವರ್ ಭಾಯಿ ಅದನ್ನು ಮೇಜಿನ ಮೇಲಿಟ್ಟು, "ಅಮ್ಮಾವ್ರು ಕಳಿಸಿದ್ದು. ಇಲ್ಲೇ ಕಾಯ್ತೀನಿ ಸಾರ್, ಡಬ್ಬಿ ವಾಪಸ್ ಬೇಕು," ಎಂದು ನಿಲ್ಲುವನು. ಖಾಲಿ ಡಬ್ಬಿ ಬಂದರೆ ನಮ್ಮವನು ಒಳಗಿದ್ದಾನೆ ಎಂದು ಅರ್ಥ. ಎಷ್ಟೋ ಮನೆಯವರಿಗೆ ಮಗ ಎಲ್ಲಿದ್ದಾನೆ ಎಂದು ಮೊದಲು ತಿಳಿಸಿದ್ದು ಆ ಡಬ್ಬಿಯೇ.

ಒಂದು ದಿನ ನಾನು ಕೇಳಿದೆ, ಇದೆಲ್ಲ ಯಾಕೆ ಹಚ್ಚಿಕೊಂಡಿರಿ ಎಂದು. ಅವರು ಬಟಾಣಿ ಸುಲಿಯುತ್ತಿದ್ದರು. ಡೆಸ್ಕಿನಲ್ಲಿದ್ದಾಗ ದೂರದ ತಾಲೂಕಿನ ವರದಿಗಾರನೊಬ್ಬನನ್ನು ಹೊಡೆದು ರಸ್ತೆ ಬದಿ ಹಾಕಿದ್ದರಂತೆ. ಸುದ್ದಿ ಇವರ ಮೇಜಿಗೆ ಬಂತು. ಜಾಗವಿಲ್ಲ ಎಂದು ಮೇಲಿನವರು ಅಂದರು. ಇವರೇ ಅದನ್ನು ನಾಲ್ಕು ಸಾಲಿಗೆ ಇಳಿಸಿ ಒಳಪುಟದಲ್ಲಿ ಸೀರೆ ಜಾಹೀರಾತಿನ ಕೆಳಗೆ ಹಾಕಿದರು. ತಿಂಗಳು ಬಿಟ್ಟು ಅವನು ಕುಂಟುತ್ತ ಕಚೇರಿಗೆ ಬಂದ, ಆ ನಾಲ್ಕು ಸಾಲನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡಿದ್ದ.

"ಥ್ಯಾಂಕ್ಸ್ ಮೇಡಂ ಅಂದ ಕಣಪ್ಪ. ನಾಲ್ಕು ಸಾಲಿಗೆ. ಬಯ್ದಿದ್ರೆ ಮರ್ತುಬುಡ್ತಿದ್ದೆ."

ಅಷ್ಟು ಹೇಳಿ ಬಟಾಣಿ ಬುಟ್ಟಿಯನ್ನು ನನ್ನ ಕಡೆ ತಳ್ಳಿದರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೆ ಅವರ ಮೇಲಿದ್ದದ್ದು ಬರೀ ಗೌರವ ಅಲ್ಲ, ಪ್ರೀತಿ ಎಂದು ಗೊತ್ತಾದದ್ದೂ ಆವತ್ತೇ.

ಪುಟ್ಟಸ್ವಾಮಿಯ ವಿಷಯದಲ್ಲಿ ಮಾತ್ರ ಮೇಡಂ ಕಟ್ಟುನಿಟ್ಟು. "ನೀವಿಬ್ರೂ ರಾಜಿ ಆಗ್ಬೇಡಿ. ಅವ್ನಿಗೆ ನೀನು, ನಿಂಗೆ ಅವ್ನು, ಇಂಥ ಗಟ್ಟಿ ಸಾಕ್ಷಿ ನಂಗೆ ಮತ್ತೆ ಸಿಗಲ್ಲ," ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ್ದರು. ಆದರೆ ಏನು ಮಾಡುವುದು, ವರ್ಷದೊಳಗೆ ನಾವು ಸ್ನೇಹಿತರಾಗಿಬಿಟ್ಟೆವು. ಅವರಿಗೆ ತಿಳಿಯಬಾರದೆಂದು ಪ್ರೇಮಿಗಳ ಹಾಗೆ ಕದ್ದು ಭೇಟಿಯಾಗುತ್ತಿದ್ದೆವು, ಲಕ್ಷ್ಮೀಪುರಂ ಬಿಟ್ಟು ಬಹುದೂರದ ಹೋಟೆಲುಗಳಲ್ಲಿ. ಮೇಡಂ ಮನೆಯಲ್ಲಿ ಎದುರಾದರೆ ಮುಖ ಗಂಟು ಹಾಕಿಕೊಂಡು ಕೂರುವುದು. ಒಂದು ಮಧ್ಯಾಹ್ನ ನಾವಿಬ್ಬರೂ ಒಂದೇ ಸ್ಕೂಟರಿನಲ್ಲಿ ನಗುತ್ತ ಬರುವಾಗ ಪಕ್ಕದಲ್ಲಿ ಅನ್ವರ್ ಭಾಯಿಯ ಆಟೋ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಮೇಡಂ.

"ಥೂ," ಎಂದರು. "ಒಂದೊಳ್ಳೇ ಸಾಕ್ಷಿ ಹಾಳ್ಮಾಡ್ಬುಟ್ರಲ್ಲೋ!"

ಹದಿನೈದು ದಿನ ನಮ್ಮಿಬ್ಬರಿಗೂ ಟೀ ಇಲ್ಲ.

ಹೀಗೆ ಹನ್ನೊಂದು ವರ್ಷ. ಕಳೆದ ತಿಂಗಳು, ಸೋಮವಾರದ ಫೋನುಗಳನ್ನೆಲ್ಲ ಮುಗಿಸಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಎಂಬತ್ತಕ್ಕೆ ಎರಡು ಕಡಿಮೆ.

ಈಗ ಮತ್ತೆ ಸಭೆಗೆ ಬರೋಣ. ಹದಿನಾಲ್ಕನೆಯವರು ಮುಗಿಸಿದ ಮೇಲೆ, ವಂದನಾರ್ಪಣೆಗೆ ಮುಂಚೆ, ಹಿಂದಿನ ಸಾಲಿನಿಂದ ಭಾರಿ ಮೈಕಟ್ಟಿನ ಮುದುಕರೊಬ್ಬರು ಎದ್ದು ಬಂದರು. ಪುಟ್ಟಸ್ವಾಮಿ ನನ್ನ ತೊಡೆ ಚಿವುಟಿದ. ಅವನನ್ನು ಒಳಗೆ ಹಾಕಿದ್ದ ಇನ್ಸ್‌ಪೆಕ್ಟರು, ಈಗ ನಿವೃತ್ತರು.

"ನಂಗೆ ಆಯಮ್ಮನ್ನ ಕಂಡ್ರೆ ಆಗ್ತಿರ್ಲಿಲ್ಲ," ಎಂದು ಶುರುಮಾಡಿದರು. ಪುಟ್ಟಸ್ವಾಮಿಯ ಮುಖ ಅರಳಿತು.

"ಎಷ್ಟು ಕಾಟ ಕೊಟ್ಟವ್ರೆ ಅಂತೀರಿ! ಸೋಮವಾರ ಆದ್ರೆ ಫೋನು. ನಾನು ಬರೆದ ಎಫ್‌ಐಆರನ್ನ ಕೆಂಪಿಂಕಲ್ಲಿ ತಿದ್ದಿ ನಂಗೇ ವಾಪಸ್ ಕಳ್ಸವ್ರೆ. ನನ್ ಸರ್ವೀಸಲ್ಲಿ ರೌಡಿಗಳೂ ನಂಗೆ ಅಷ್ಟು ತಲೆನೋವು ಕೊಟ್ಟಿಲ್ಲ." ಒಂದು ಗುಟುಕು ನೀರು ಕುಡಿದರು. "ಅಲ್ಲಿ ಕೂತವ್ರಲ್ಲ, ಪುಟ್ಟಸ್ವಾಮಿ, ಅವ್ರು ಅವತ್ತು ನಮ್ ಸ್ಟೇಷನ್ನಲ್ಲೇ ಇದ್ರು. ಆಯಮ್ಮ ಫೋನ್ ಮಾಡಿ ಕೇಳಿದ್ರೆ ನಾನು ಇಲ್ಲ ಅಂದೆ. ಸುಳ್ಳು ಹೇಳ್ದೆ. ಆಯಮ್ಮ, 'ಇಲ್ವಾ? ಸರಿ, ಊಟ ಆಗ್ಲೇ ಕಳಿಸ್ಬುಟ್ಟಿದೀನಿ, ಆರೋಗ್ತದೆ, ನೀವೇ ಊಟ ಮಾಡಿ' ಅಂದ್ರು. ಬಿಸಿ ಮುದ್ದೆ, ಹುರುಳಿಕಾಳು ಬಸ್ಸಾರು. ಎದುರಿಗೆ ಇಟ್ಕೊಂಡು ಒಂದು ಗಂಟೆ ಕೂತಿದ್ದೆ. ಹಸಿವಿತ್ತು. ತಿನ್ನಕ್ಕಾಗ್ಲಿಲ್ಲ. ಇನ್ನೊಬ್ರ ಪಾಲಿನ ಊಟ ಅದು. ಕೊನೆಗೆ ಒಳಗೆ ಕಳ್ಸ್ದೆ. ಸಂಜೆ ಫೋನ್ ಮಾಡಿ, 'ಊಟ ಎಂಗಿತ್ತಪ್ಪಾ?' ಅಂದ್ರು. ಅವತ್ತಿಂದ ನಾನು ಯಾರನ್ನೂ ಇಲ್ಲ ಅಂದಿಲ್ಲ. ಅಷ್ಟೇ ನಾನು ಹೇಳೋದು."

"ಮುದ್ದೆ ಗಟ್ಟಿಯಾಗಿದ್ದಿದ್ದು ಇದಕ್ಕೇನಾ!" ಎಂದು ಪುಟ್ಟಸ್ವಾಮಿ ಎಲ್ಲರಿಗೂ ಕೇಳುವಂತೆ ಕೂಗಿದ. ಶ್ರದ್ಧಾಂಜಲಿ ಸಭೆ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಕೆನ್ನೆ ಒದ್ದೆಯಾಗಿತ್ತು.

ಸಭೆ ಮುಗಿದ ಮೇಲೆ ಮೇಡಂ ಅವರ ತಂಗಿಯ ಮಗಳು ನೋಟ್‌ಬುಕ್ಕುಗಳ ಕಟ್ಟನ್ನು ನಮ್ಮಿಬ್ಬರ ಕೈಗೆ ಒಪ್ಪಿಸಿದಳು. ಇನ್ನು ಮುಂದೆ ಇದು ನಮ್ಮ ಕೆಲಸ. ನಾನು ಮೊದಲು ಹುಡುಕಿದ್ದು ಪುಟ್ಟಸ್ವಾಮಿಯ ಪುಟ. ಮೂರನೆಯ ಬಾಯಿಯ ಮುಂದೆ ನನ್ನ ಹೆಸರು ಶಾಯಿಯಲ್ಲಿತ್ತು. ಕೆಳಗೆ ಒಂದು ಸಾಲು: "ಅಲ್ಲಿದ್ದಿರಾ ಎಂದು ನಾನು ಕೇಳಲಿಲ್ಲ, ತಾವಾಗಿಯೇ ಹೇಳಿದರು."

ಅದರ ಮೇಲುಗಡೆ, ಎರಡನೆಯ ಬಾಯಿಯ ಜಾಗದಲ್ಲಿ, ಟೀ ಅಂಗಡಿಯಾಕೆಯ ಮಾತು. ನನ್ನನ್ನು ಕರೆಸುವುದಕ್ಕೆ ಹಿಂದಿನ ದಿನ, ಬುಧವಾರ, ಮೇಡಂ ಅಲ್ಲಿಗೆ ಹೋಗಿದ್ದರು. ಹೊಡೆದ ವಿವರವೆಲ್ಲ ಆಮೇಲೆ ಶಾಯಿಯಾಗಿತ್ತು. ಕೊನೆಯ ಎರಡು ಸಾಲು ಮಾತ್ರ ಇನ್ನೂ ಪೆನ್ಸಿಲ್‌ನಲ್ಲೇ ಇತ್ತು, ಹನ್ನೊಂದು ವರ್ಷಕ್ಕೆ ಮಾಸಿತ್ತು.

"ಇನ್ನೊಬ್ಬ ಪೇಪರಿನವನು ನಮ್ಮ ಅಂಗಡಿ ಮುಂದೆ ನಿಂತು ಎಲ್ಲ ನೋಡಿದ. ಟೀ ಅರ್ಧಕ್ಕೇ ಇಟ್ಟು ನೀಲಿ ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ."

ಪಕ್ಕದಲ್ಲಿ ಮೇಡಂ ಅಕ್ಷರ: "ಯಾರೆಂದು ತಿಳಿಯಿತು. ಅವನೇ ಹೇಳಲಿ."

ಟೀ ಅರ್ಧಕ್ಕೆ ಬಿಟ್ಟದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೋರ್ಟಿನಲ್ಲೂ ಇಲ್ಲ, ಪುಟ್ಟಸ್ವಾಮಿಗೂ ಇಲ್ಲ. ಹನ್ನೊಂದು ವರ್ಷ ವಾರಕ್ಕೆರಡು ಸಲ ಆ ಕೋಣೆಯಲ್ಲಿ ಕೂತು ಟೀ ಕುಡಿದಿದ್ದೇನೆ. ಪ್ರತಿ ಸಲವೂ ಪೂರ್ತಿ ಕುಡ್ಕೊಂಡು ಹೋಗು ಎನ್ನುತ್ತಿದ್ದರು, ಗ್ಲಾಸು ಬರಿದಾಗುವ ತನಕ ನೋಡುತ್ತ ಕೂರುತ್ತಿದ್ದರು. ನಾನು ಉಪಚಾರ ಎಂದುಕೊಂಡಿದ್ದೆ.

ಪುಟ್ಟಸ್ವಾಮಿ ನನ್ನ ಭುಜದ ಮೇಲಿಂದ ಬಗ್ಗಿ ಎಲ್ಲವನ್ನೂ ಓದಿದ. ಏನಾದರೂ ಕುಟುಕುತ್ತಾನೆ ಎಂದು ಕಾದೆ. ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿ, "ಬಾ," ಎಂದ ಅಷ್ಟೇ. ಸ್ಕೂಟರ್ ಹತ್ತಿಸಿಕೊಂಡು ಕೆಸರೆ ದಾಟಿ ಅದೇ ಟೀ ಅಂಗಡಿಯ ಮುಂದೆ ನಿಲ್ಲಿಸಿದ. ಅಂಗಡಿಯಾಕೆಯ ಕೂದಲು ನೆರೆತಿತ್ತು, ಚರಂಡಿಯನ್ನು ಒಡೆದು ಹೊಸದಾಗಿ ಕಟ್ಟಿದ್ದರು. ಎರಡು ಟೀ ಹೇಳಿದ.

ಪೂರ್ತಿ ಕುಡಿದು, ಗ್ಲಾಸನ್ನು ಅವಳ ಕೈಗೇ ಕೊಟ್ಟೆ.